ಯುದ್ಧದ ಇತಿಹಾಸವೂ ಓದುವವರ ಗುರಿಯೂ

ದ್ರೋಣಾಚಾರ್ಯರು ಮರದ ಮೇಲೆ ಕೃತಕ ಹಕ್ಕಿಯೊಂದನ್ನು ಇರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಉಳಿದವರಿಗೆ ಮರ ಕಂಡಿತು, ಕೊಂಬೆ ಕಂಡಿತು, ಪಕ್ಕದಲ್ಲಿ ನಿಂತ ಅಣ್ಣತಮ್ಮಂದಿರು ಕಂಡರು. ಅರ್ಜುನನಿಗೆ ಹಕ್ಕಿಯೊಂದರ ಹೊರತು ಬೇರೇನೂ ಕಾಣಲಿಲ್ಲ. ಶಾಲೆಗಳಲ್ಲಿ 'ಗುರಿ' ಎಂದರೇನೆಂದು ತಿಳಿಸಬೇಕಾದಾಗಲೆಲ್ಲ ಈ ಕಥೆಯನ್ನೇ ಹೇಳುವ ರೂಢಿ. ಬಿಲ್ಲುವಿದ್ಯೆಗೆ ಇದು ತಕ್ಕ ಪಾಠವೇ. ಆದರೆ ಇತಿಹಾಸವನ್ನು, ಅದರಲ್ಲಿಯೂ ಯುದ್ಧದ ಇತಿಹಾಸವನ್ನು, ಓದಹೊರಟ ಮಕ್ಕಳಿಗೂ ಇದನ್ನೇ ಹೇಳಬಹುದೇ ಎಂಬ ಸಂಶಯ ಈಚೆಗೆ ನನ್ನನ್ನು ಹಿಡಿದಿದೆ. ಮರ, ಕೊಂಬೆ, ಬಳಿಯಲ್ಲಿ ನಿಂತ ಅಣ್ಣತಮ್ಮಂದಿರು—ಇತಿಹಾಸವೆಂಬುದು ಬಹುಮಟ್ಟಿಗೆ ಇವೇ ಅಲ್ಲವೇ?

ಸಂಶಯ ಹುಟ್ಟಿಸಿದವಳು ನಮ್ಮ ಓಣಿಯ ಒಂದು ಹುಡುಗಿ. ಗದುಗಿನ ಒಂದು ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಅವರಿಗೆ ಸಮಾಜವಿಜ್ಞಾನದಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: 'ನಮ್ಮ ಸುತ್ತಲಿನ ಪ್ರದೇಶವೂ ಯುದ್ಧಕಾಲವೂ' ಎಂಬ ವಿಷಯ. ಬರೆಯುವುದಕ್ಕೆ ಮೊದಲು, ಈ ಕೆಲಸದಿಂದ ತಾನು ಏನನ್ನು ಕಲಿಯಬೇಕೆಂದು ಗೊತ್ತುಮಾಡಿಕೊಂಡಿದ್ದೇನೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವಂತ ಮಾತಿನಲ್ಲಿ ಬರೆಯತಕ್ಕದ್ದು. ಅದಕ್ಕಾಗಿ ಹಾಳೆಯ ತಲೆಯ ಮೇಲೆ ನಾಲ್ಕು ಗೆರೆ ಬಿಟ್ಟಿದ್ದರು.

"ಅಜ್ಜಾರ, ಇಲ್ಲಿ ಏನ ಬರೀಬೇಕ್ರಿ?"

"ನೀ ಏನ ಕಲೀಬೇಕಂತ ಮಾಡೀಯೋ ಅದನ್ನ ಬರಿ, ತಂಗಿ."

"ಅದು ಕಲತ ಮ್ಯಾಲ ಗೊತ್ತಾಗೂದಲ್ರಿ. ಮೊದಲ ಹೆಂಗ ಬರೀಲಿ?"

ಎರಡು ಸಾವಿರ ವರ್ಷಗಳಿಗೂ ಹಿಂದೆ ಮೆನೋ ಎಂಬವನು ಸಾಕ್ರಟೀಸನ ಮುಂದೆ ಇಟ್ಟ ತೊಡಕು ಇದೇ. ತಿಳಿಯದ ವಸ್ತುವನ್ನು ಹುಡುಕುವುದು ಹೇಗೆ? ಸಿಕ್ಕರೂ ಅದೇ ಇದು ಎಂದು ಗುರುತಿಸುವುದು ಹೇಗೆ? ಪ್ಲೇಟೋ ತನ್ನ ಸಂವಾದದಲ್ಲಿ ಇದಕ್ಕೆ ಪೂರ್ವಜನ್ಮದ ನೆನಪಿನ ಮಾತು ತಂದು ಉತ್ತರ ಹೇಳಿಸುತ್ತಾನೆ. ಆ ಉತ್ತರ ಗದಗ-ಬೆಟಗೇರಿಯ ಹುಡುಗಿಯ ಹಾಳೆಗೆ ಒದಗುವಂಥದಲ್ಲ. ಮರುದಿನ ಅವಳು ತಾನೇ ಬರೆದು ತಂದಳು: 'ನಮ್ಮ ಭಾಗದ ವೀರರ ಬಗ್ಗೆ ತಿಳಿದು ಹೆಮ್ಮೆಪಡುವುದು, ದೇಶಪ್ರೇಮ ಬೆಳೆಸಿಕೊಳ್ಳುವುದು.' ಅಕ್ಷರ ದುಂಡಾಗಿತ್ತು. ಅವಳ ತರಗತಿಯ ಬಹುಪಾಲು ಮಕ್ಕಳೂ ಇದನ್ನೇ ಬರೆದಿದ್ದರಂತೆ.

ನಾನು ಇತಿಹಾಸದ ಪಂಡಿತನಲ್ಲ. ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆ ಕಸುಬಿನ ಕಣ್ಣಿಗೆ ಈ ಗುರಿಯಲ್ಲಿ ಏನೋ ಹಳೆಯ ಪರಿಚಯ ಕಂಡಿತು. ಕೆಲವು ಗುಮಾಸ್ತರು ಮೊದಲು ಕೆಳಗೆ ಮೊತ್ತ ಬರೆದುಕೊಂಡು, ಆಮೇಲೆ ಅದಕ್ಕೆ ಹೊಂದುವಂತೆ ಮೇಲಿನ ಬಾಬುಗಳನ್ನು ತುಂಬುತ್ತಾರೆ. ಕಚೇರಿಯಲ್ಲಿ ಇದು ಸಿಕ್ಕರೆ ನೌಕರಿ ಹೋಗುತ್ತದೆ. ಇತಿಹಾಸದಲ್ಲಿ ಮಾಡಿದರೆ ಬಹುಮಾನ ಬರುವುದುಂಟು. 'ಹೆಮ್ಮೆಪಡುವುದು' ಎಂಬುದು ಮೊದಲೇ ಬರೆದಿಟ್ಟ ಮೊತ್ತ. ಆ ಮೊತ್ತಕ್ಕೆ ಹೊಂದದ ಬಾಬು ಎದುರಾದರೆ ಆ ಹುಡುಗಿ ಅದನ್ನು ಬಿಡದೆ ಗತ್ಯಂತರವಿಲ್ಲ.

ಹೊಂದದ ಬಾಬುಗಳು ನಮ್ಮ ಸೀಮೆಯಲ್ಲಿ ಹೇರಳವಾಗಿವೆ. 1858ನ್ನೇ ನೋಡೋಣ. ಮುಂಡರಗಿ ಭೀಮರಾಯರೂ ಹಮ್ಮಿಗಿಯ ಕೆಂಚನಗೌಡರೂ ಮೇ ತಿಂಗಳ ಕೊನೆಯ ವಾರದಲ್ಲಿ ಎದ್ದುನಿಂತು, ದಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ 1ರಂದು ಕೋಟೆ ಬಿತ್ತು. ಇಬ್ಬರೂ ಅಲ್ಲಿಯೇ ಮಡಿದರು. ಇತ್ತ ನರಗುಂದದ ಬಾಬಾಸಾಹೇಬ ಭಾವೆಯವರಿಗೆ ಮಕ್ಕಳಿರಲಿಲ್ಲ; ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿರಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಅವರ ಕಡೆಯವರು ಕೊಂದರು. ತಲೆಯನ್ನು ಕಡಿದು ನರಗುಂದಕ್ಕೆ ತಂದು ಊರ ಅಗಸೆಗೆ ತೂಗುಹಾಕಿದರು. ಎರಡು ವಾರದೊಳಗೆ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಮನೆಯ ಹೆಂಗಸರು ಮಲಪ್ರಭೆಯ ಪಾಲಾದರು.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಳುವಾಗ ಅಗಸೆಯ ತಲೆಯ ಮಾತು ಬಂದೊಡನೆ ಚಪ್ಪಾಳೆ ಬೀಳುವುದನ್ನು ನಾನು ಕೇಳಿದ್ದೇನೆ. ಗಲ್ಲಿನ ಮಾತಿಗೆ ಮೌನ, ಕೆಲವರ ಕಣ್ಣಲ್ಲಿ ನೀರು. ಎರಡೂ ಸಹಜವೇ. ಕಂಪನಿಯ ಅನ್ಯಾಯ ದೊಡ್ಡದು. ದೊರೆಯೊಬ್ಬನ ವಂಶವನ್ನು ಕಾಗದದ ಒಂದು ಆಜ್ಞೆಯಿಂದ ಮುಗಿಸುವವರ ಕಡೆಗೆ ನನ್ನ ಒಲವಿಲ್ಲ. ಆದರೂ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು "ಮಲಗಿದ್ದವನನ್ನ ರಾತ್ರಿ ಹೋಗಿ ಕೊಲ್ಲೂದು ಸರಿ ಏನ್ರಿ?" ಎಂದು ಕೇಳಿದರೆ, ಪ್ರಶ್ನೆ ಕೇಳುವ ಹಕ್ಕು ಅವಳಿಗಿದೆ. ಹೆಮ್ಮೆಯನ್ನೇ ಗುರಿ ಮಾಡಿಕೊಂಡವಳು ಅದನ್ನು ಕೇಳಲಾರಳು.

ಇನ್ನೊಂದು ಬಾಬು: 'ನಮ್ಮ ಕಡೆ' ಎಂದರೆ ಯಾವುದು? ಆ ವರ್ಷ ಲಕ್ಷ್ಮೇಶ್ವರ ಮಿರಜಿನ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗಲಿಯ ಪಟವರ್ಧನರದು. ಮುಂಡರಗಿ, ಗದಗುಗಳು ಕಂಪನಿಯ ಧಾರವಾಡ ಜಿಲ್ಲೆಯವು. ಕೊಪ್ಪಳ ನಿಜಾಮನ ಸೀಮೆಯದು. ಎತ್ತಿನ ಗಾಡಿಯಲ್ಲಿ ಕೆಲವು ದಿನಗಳಲ್ಲಿ ಸುತ್ತಿ ಬರಬಹುದಾದಷ್ಟು ನೆಲದಲ್ಲಿ ಇಷ್ಟು ಒಡೆತನಗಳು! ಪಟವರ್ಧನರು ಕಂಪನಿಗೆ ಎದುರಾಗಲಿಲ್ಲ. ರಾಮದುರ್ಗದ ಅರಸನಂತೂ ಬಾಬಾಸಾಹೇಬರ ಮಲತಮ್ಮನೇ; ಅವನು ಕಂಪನಿಯ ಪಕ್ಷದಲ್ಲಿ ಉಳಿದು, ನರಗುಂದದ ಕಡೆಯಿಂದ ಅಪಾಯವಿದೆಯೆಂದು ಮ್ಯಾನ್ಸನ್ನನಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದನು. ನಮ್ಮ ಶಿರಹಟ್ಟಿಯ ಒಕ್ಕಲಿಗನ ಮುತ್ತಜ್ಜ ಆ ದಿನ ಯಾವ ಕಡೆಯವನು? ಬಹುಶಃ ರೋಹಿಣಿ ಮಳೆಯ ದಾರಿ ನೋಡುತ್ತ ಕುಂಟೆ ಹೊಡೆಯುತ್ತಿದ್ದವನು. ಅವನನ್ನು ಯಾವ ಪಕ್ಷಕ್ಕೆ ಸೇರಿಸಿ ಬರೆದರೂ ಅವನಿಗೆ ಅನ್ಯಾಯವಾಗುತ್ತದೆಂದು ನನಗೆ ತೋರುತ್ತದೆ.

ಹೆಸರಿನ ತೊಡಕೂ ಇದೆ. 1884ರಲ್ಲಿ ಸರಕಾರ ಪ್ರಕಟಿಸಿದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು ಇದನ್ನು ದಂಗೆಯ ಲೆಕ್ಕಕ್ಕೆ ಸೇರಿಸುತ್ತದೆ. ನಮ್ಮ ಪುಸ್ತಕಗಳು ಸ್ವಾತಂತ್ರ್ಯ ಸಂಗ್ರಾಮ ಎನ್ನುತ್ತವೆ. ಜನರು 'ನರಗುಂದ ಬಂಡಾಯ' ಎನ್ನುತ್ತಾರೆ. (1980ರ ರೈತರ ಚಳವಳಿಗೂ ಇದೇ ಹೆಸರು ಬಂದುದರಿಂದ, 'ಬಂಡಾಯ' ಎಂದರೆ ಯಾವುದೆಂದು ನಮ್ಮ ಕಡೆ ಮತ್ತೊಮ್ಮೆ ಕೇಳಿ ತಿಳಿದುಕೊಳ್ಳಬೇಕು.) ಆಯುಧ ಒಪ್ಪಿಸಲು ಒಲ್ಲೆವೆಂದು 1857ರಲ್ಲಿ ಕಾದಿ ಸತ್ತ ಹಲಗಲಿಯ ಬೇಡರ ಲಾವಣಿಯನ್ನು ನಮ್ಮ ಮಕ್ಕಳು ಪಠ್ಯದಲ್ಲಿ ಓದುತ್ತಾರೆ. ಅದನ್ನು ಸಂಗ್ರಹಿಸಿ ಅಚ್ಚುಮಾಡಿಸಿದವನು ಫ್ಲೀಟ್. ಬ್ರಿಟಿಷ್ ಸರಕಾರದ ಸಿವಿಲ್ ಅಧಿಕಾರಿ. ಸೋತವರ ಹಾಡನ್ನು ಗೆದ್ದವರ ನೌಕರನೊಬ್ಬ ಕಿವಿಗೊಟ್ಟು ಬರೆದುಕೊಂಡನು. ಅವನ ಮನಸ್ಸಿನಲ್ಲಿ ಏನಿತ್ತೋ, ಹಾಡು ಮಾತ್ರ ಉಳಿಯಿತು.

ಬೆಟಗೇರಿಯಲ್ಲಿ ಸಾವಿರ ವರ್ಷಗಳಷ್ಟು ಹಳೆಯ ವೀರಗಲ್ಲುಗಳ ಸಾಲಿದೆ. ಆನೆ, ಕುದುರೆ, ರಥ, ಬಿಲ್ಲಾಳುಗಳನ್ನು ಕಡೆದ ಭಾರಿ ಕಲ್ಲುಗಳು. ವೀರಗಲ್ಲಿನ ಕ್ರಮ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕಲ್ಲು ನಿಲ್ಲಿಸಿದವರ ಗುರಿ ಸ್ಪಷ್ಟವಿತ್ತು. ಸತ್ತ ತಮ್ಮವನನ್ನು ಮೇಲಿನ ಅಂಕಣಕ್ಕೆ ಏರಿಸಬೇಕು. ಅದು ಶೋಕದ ಹಕ್ಕು, ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಇಂಥ ಕಲ್ಲುಗಳ ಕೆಳಗಿನ ಅಂಕಣದಲ್ಲಿ ಕಾಲಡಿಯಲ್ಲಿ ಬಿದ್ದವರೂ ಇರುತ್ತಾರೆ. ಅವರಿಗೂ ಊರಿತ್ತು, ತಾಯಂದಿರಿದ್ದರು. ಮೇಲೆ ನೋಡುವುದು ಮನೆಯವರ ಕೆಲಸ. ಕೆಳಗೆ ನೋಡುವುದು ಓದುವವರ ಕೆಲಸವೆಂದು ನಾನು ತಿಳಿಯುತ್ತೇನೆ. ಎರಡನ್ನೂ ಒಬ್ಬರೇ ಮಾಡಬೇಕಾಗಿ ಬಂದಾಗ ಮಾತ್ರ ಕಷ್ಟ.

ಆ ಕಷ್ಟ ನಮ್ಮ ಹುಡುಗಿಗೆ ಬಂದೇ ಬಂತು. ಅವಳ ತಾಯಿಯ ಮನೆಯವರು ಮುಂಡರಗಿಯವರು. 1947ರಲ್ಲಿ ನಿಜಾಮನು ಭಾರತಕ್ಕೆ ಸೇರಲು ಒಪ್ಪದಿದ್ದಾಗ ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ನಾಯಕತ್ವದಲ್ಲಿ ಮುಂಡರಗಿಯಲ್ಲಿ ನಡೆದ ಶಿಬಿರ ಅವುಗಳಲ್ಲಿ ಮುಖ್ಯವಾದುದು. ರಜಾಕಾರರ ಹಾವಳಿಗೆ ಹೆದರಿ ಕೊಪ್ಪಳದ ಕಡೆಯ ಹಳ್ಳಿಗಳಿಂದ ಜನ ಗಡಿ ದಾಟಿ ಬಂದರು. ಹುಡುಗಿಯ ಮುತ್ತಜ್ಜ ಆ ಶಿಬಿರದಲ್ಲಿದ್ದವನು. ಮನೆಯಲ್ಲಿ ಅವನ ಭಾವಚಿತ್ರಕ್ಕೆ ಈಗಲೂ ಹೂ ಏರುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕು, 17ಕ್ಕೆ ನಿಜಾಮನು ಶರಣಾದುದರೊಂದಿಗೆ ಮನೆಯವರು ಹೇಳುವ ಕಥೆ ಮುಗಿಯುತ್ತದೆ.

ಅಲ್ಲಿಗೆ ಮುಗಿಯದ ಕಥೆಯೂ ಒಂದಿದೆ. ಪೊಲೀಸ್ ಕಾರ್ಯಾಚರಣೆಯ ತರುವಾಯ ಆ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ, ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಎಂದು ಅಂದಾಜು ಮಾಡಿತು. ವರದಿ ದಶಕಗಟ್ಟಲೆ ಪ್ರಕಟವಾಗದೆ ಉಳಿಯಿತು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಮುಂಡರಗಿಗೆ ಅವು ದೂರ. ಆದರೂ 1948ರ ಬಗ್ಗೆ ಬರೆಯುವವರು ಅದನ್ನು ಬಿಟ್ಟು ಬರೆಯಬಹುದೇ? ಶಿರಹಟ್ಟಿಯಲ್ಲಿ ಮಠದ ಹೆಸರೇ ಫಕೀರೇಶ್ವರರದಾಗಿರುವ ಸೀಮೆ ನಮ್ಮದು. ನಮಗೆ ಅದು ಹೊರಗಿನವರ ಸುದ್ದಿಯಾಗಲಾರದು.

ಇಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರು ನನ್ನನ್ನು ತಡೆದರು. ಮುಂಡರಗಿಯವರು, ನಿವೃತ್ತ ಶಿಕ್ಷಕರು. ಮಕ್ಕಳನ್ನು ನನಗಿಂತ ಚೆನ್ನಾಗಿ ಬಲ್ಲವರು. "ಸಸಿಗೆ ಬೇರು ಹತ್ತೂಕಿಂತ ಮೊದಲ ಕಿತ್ತು ನೋಡಬ್ಯಾಡ್ರಿ," ಎಂದರು. ಅವರ ವಾದ ಹೀಗೆ: ಮಗುವಿಗೆ ಮೊದಲು ತನ್ನ ನೆಲ, ತನ್ನ ಹಿರಿಯರು ಎಂಬ ಪ್ರೀತಿ ಬಲಿಯಬೇಕು. ಬಲಿತ ಪ್ರೀತಿ ಕಹಿ ಸತ್ಯವನ್ನು ತಡೆದುಕೊಳ್ಳುತ್ತದೆ. ಎಳೆಯದು ತಡೆಯಲಾರದೆ ತಿರಸ್ಕಾರಕ್ಕೆ ತಿರುಗುತ್ತದೆ. ಮುತ್ತಜ್ಜನ ಪಟಕ್ಕೆ ಹೂ ಏರಿಸುವ ಹುಡುಗಿಯ ಕೈಗೆ ಸುಂದರಲಾಲರ ವರದಿ ಕೊಟ್ಟರೆ, ಅವಳು ಪಟವನ್ನೇ ಸಂಶಯದಿಂದ ನೋಡಿಯಾಳು. ಅವನೇನು ತಪ್ಪು ಮಾಡಿದ್ದ?

ಈ ಮಾತಿನಲ್ಲಿ ಹುರುಳಿದೆ. ಮಾಡದ ತಪ್ಪಿಗೆ ಸತ್ತವರನ್ನು ಕಟಕಟೆಗೆ ಎಳೆಯುವುದು ಇನ್ನೊಂದು ಬಗೆಯ ಮೊದಲೇ ಬರೆದ ಮೊತ್ತ. ಈ ಕಾಲದ ಜಾಣರಲ್ಲಿ ಅದರ ಚಪಲವೂ ಇದೆ. 'ನಮ್ಮ ಹಿರಿಯರು ಕೆಟ್ಟವರೆಂದು ತಿಳಿಯುವುದು' ಎಂಬ ಗುರಿ 'ಹೆಮ್ಮೆಪಡುವುದು' ಎಂಬುದಕ್ಕಿಂತ ಉತ್ತಮವೆಂದು ನಾನು ಹೇಳಲಾರೆ. ಆದರೆ ಪ್ರೀತಿ ಬಲಿಯುವವರೆಗೆ ಸತ್ಯ ಕಾಯಲಿ ಎಂಬುದನ್ನು ಒಪ್ಪುವುದು ನನಗೆ ಕಷ್ಟ. ಎಷ್ಟು ವರ್ಷ ಕಾಯಬೇಕು? ಅರವತ್ತು ದಾಟಿದವರಲ್ಲಿಯೂ ಆ ಪ್ರೀತಿ ಇನ್ನೂ ಬಲಿಯದೆ ಇರುವುದನ್ನು ನಾವು ದಿನವೂ ನೋಡುವುದಿಲ್ಲವೇ? ಅಷ್ಟೇಕೆ, ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಭಾರತ ಬರೆದನೆಂದು ನಾವು ಮಕ್ಕಳಿಗೆ ಮೊದಲೇ ಹೇಳಿಕೊಡುತ್ತೇವೆ. ಆ ಭಾರತದ ವಾಚನ ಕೇಳುವಾಗ ಕರ್ಣನ ಸಾವಿಗೆ ಅಳದವರುಂಟೇ? ಅವನು ಎದುರು ಪಕ್ಷದವನು. ಅವನಿಗಾಗಿ ಅತ್ತವರು ಪಾಂಡವರನ್ನು ತಿರಸ್ಕರಿಸಿ ಮನೆಗೆ ಹೋದುದನ್ನು ನಾನು ಕಂಡಿಲ್ಲ. ಎದುರಿನವನ ಸಾವಿಗೆ ಅಳುವುದನ್ನು ಕಾವ್ಯದಿಂದ ಕಲಿತ ಮಕ್ಕಳು ಇತಿಹಾಸದಿಂದಲೂ ಕಲಿಯಬಲ್ಲರು.

ಹಾಗಾದರೆ ಆ ನಾಲ್ಕು ಗೆರೆಗಳಲ್ಲಿ ಏನು ಬರೆಯಬೇಕು? ಕಲಿಯಬೇಕೆಂಬ ಗುರಿಯಲ್ಲಿ, ಬರೆದವರಿಗೆ ಒಪ್ಪಿಗೆಯಾಗದ ಉತ್ತರಕ್ಕೂ ಒಂದಿಷ್ಟು ಜಾಗವಿರಬೇಕೆಂಬುದು ನನ್ನ ಮತ. 'ವೀರರ ಬಗ್ಗೆ' ಎಂದರೆ ಜಾಗವಿಲ್ಲ. 'ದಂಬಳದ ಖಜಾನೆ ಕಾಯುತ್ತಿದ್ದವರು ಯಾರ ಮಕ್ಕಳು?' ಎಂದರೆ ಜಾಗವಿದೆ. ಉತ್ತರ ಸಿಗದೆ ಹೋಗಬಹುದು. ಆದರೆ ಹುಡುಕುತ್ತ ಹೋದಂತೆ ಸಂಬಳ, ಸುಂಕ, ಬೆಳೆ, ಊರಿನ ದಾರಿ ಎಲ್ಲವೂ ಕಾಣತೊಡಗುತ್ತವೆ, ಮರ, ಕೊಂಬೆಗಳು. ಫೋನಿನಲ್ಲಿ ಹುಡುಕಿದರೆ ಈಗಿನ ಮಕ್ಕಳಿಗೆ ತಾರೀಖುಗಳೆಲ್ಲ ಕ್ಷಣದಲ್ಲಿ ಸಿಗುತ್ತವೆ. ಇಂಥ ಪ್ರಶ್ನೆಗೆ ಮಾತ್ರ ಅಜ್ಜಿಯ ಬಳಿ ಕೂರಬೇಕು.

ಹುಡುಗಿ ಕೂತಳು. ನಾಲ್ಕು ಗೆರೆಯನ್ನು ಅಳಿಸಿ ಎರಡೇ ಗೆರೆ ಬರೆದಳು: 'ಮುಂಡರಗಿ ಶಿಬಿರದಲ್ಲಿ ಅಷ್ಟು ಮಂದಿಗೆ ಯಾರು ಅಡಿಗೆ ಮಾಡಿದರು, ಜೋಳ ಎಲ್ಲಿಂದ ಬಂತು? ಗಡಿಯ ಆಚೆ ನನ್ನ ವಯಸ್ಸಿನ ಹುಡುಗಿಯರು ಆ ವರ್ಷ ಏನು ಮಾಡುತ್ತಿದ್ದರು, ಎರಡೂ ಜಾತಿಯವರು?' ನಾನು ಹೇಳಿಕೊಟ್ಟದ್ದಲ್ಲ. ನಾನಾಗಿದ್ದರೆ ಅಡಿಗೆಯ ಮಾತು ಹೊಳೆಯುತ್ತಲೇ ಇರಲಿಲ್ಲ. ಅಜ್ಜಿಗೆ ರೊಟ್ಟಿಯ ಬುಟ್ಟಿಗಳ ಲೆಕ್ಕ ನೆನಪಿತ್ತು. ಯಾವ ಮನೆಯಿಂದ ಎಷ್ಟು ಹೋಗುತ್ತಿದ್ದವೆಂಬುದು ಕೂಡ. ಆಚೆಯ ಹುಡುಗಿಯರ ಬಗ್ಗೆ ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಜೊತೆಗೆ ಆಡುತ್ತಿದ್ದ ಪಿಂಜಾರರ ಮನೆಯ ಒಬ್ಬಳ ಹೆಸರು ಹೇಳಿದರಂತೆ. ಕೊಪ್ಪಳದ ಕಡೆಗೆ ಮದುವೆಯಾಗಿ ಹೋದವಳು. ಪ್ರಾಜೆಕ್ಟಿನಲ್ಲಿ ಆ ಹೆಸರಿದೆ. ಮುತ್ತಜ್ಜನ ಭಾವಚಿತ್ರವೂ ಇದೆ, ಒಂದೇ ಪುಟದಲ್ಲಿ.

ನನ್ನ ಸ್ನೇಹಿತರಿಗೆ ಅದನ್ನು ಓದಲು ಕೊಟ್ಟೆ. ಬೇರಿನ ಮಾತನ್ನು ಅವರು ಬಿಟ್ಟುಕೊಟ್ಟಿಲ್ಲ. ಎರಡು ಹಳ್ಳಿಗಳ ಹೆಸರಿನ ಕಾಗುಣಿತ ತಿದ್ದಿದರು. ಅವರ ಬಾಲ್ಯದಲ್ಲಿ ಶಿಬಿರದ ಜಾಗವೆಂದು ಹಿರಿಯರು ತೋರಿಸುತ್ತಿದ್ದ ಕಡೆಗೆ ಕರೆದುಕೊಂಡು ಹೋಗುತ್ತೇನೆ, ಬರುವ ರವಿವಾರ ಹುಡುಗಿಯನ್ನು ಮುಂಡರಗಿಯ ಬಸ್ಸಿಗೆ ಹತ್ತಿಸಿರಿ ಎಂದರು.