ಮೌನವು ಸಮ್ಮತಿಯ ಲಕ್ಷಣವೇ?

ಮನೆಯ ನಾಯಿಯ ಉಗುರು ಕತ್ತರಿಸುವುದರಲ್ಲಿ ಧರ್ಮಾಧರ್ಮದ ಮಾತೇನು ಬಂತು ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮದು ಮುಂಬಯಿಯ ಎರಡು ಕೋಣೆಗಳ ಮನೆ. ಊರಿನಲ್ಲಿ ಕಲ್ಲುಮಣ್ಣಿನ ಮೇಲೆ ತಿರುಗುವ ನಾಯಿಯ ಉಗುರು ತಾನಾಗಿಯೇ ಸವೆಯುತ್ತದೆ; ನುಣುಪಾದ ನೆಲದ ಮೇಲೆ ಬಾಳುವ ನಮ್ಮ ಕರಿಯನದು ಸವೆಯದು. ಆದ್ದರಿಂದ ತಿಂಗಳಿಗೊಮ್ಮೆ ನಾನು ಅವನ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕುವುದು, ಮಗ ಹಿಂಗಾಲು ಹಿಡಿಯುವುದು, ನನ್ನಾಕೆ ಕತ್ತರಿ ಆಡಿಸುವುದು. ಮೊದಮೊದಲು ಕೊಸರಾಡಿದ, ಗುರುಗುಟ್ಟಿದ. ವರ್ಷ ಕಳೆಯುವಷ್ಟರಲ್ಲಿ ಸುಮ್ಮನಾದ. 'ಜಾಣನಾದ' ಎಂದು ನಾವು ಹಿಗ್ಗಿದೆವು.

ಲಸಿಕೆ ಹಾಕಿಸಲು ಹೋದಾಗ ತರುಣ ಪಶುವೈದ್ಯರೊಬ್ಬರು ನಮ್ಮ ಹಿಗ್ಗನ್ನು ಇಳಿಸಿದರು. "ನೋಡಿ ಸಾರ್, ಕಿವಿ ಹಿಂದಕ್ಕೆ ಒತ್ತಿಕೊಂಡಿದೆ, ಬಾಲ ಕಾಲಸಂದಿಗೆ ಸೇರಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಇದು ಸಮಾಧಾನವಲ್ಲ, ಹೆದರಿ ಕಲ್ಲಾಗಿದೆ" ಎಂದರು.

ಮೌನವೇ ಸಮ್ಮತಿ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೇಳುವವನಿಗೆ ಬಹಳ ಅನುಕೂಲವಾದ ಮಾತು ಇದು. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೆಲಿಗ್‌ಮನ್ ಮತ್ತು ಮೇಯರ್ ಎಂಬುವರು ಪ್ರಕಟಿಸಿದ ಪ್ರಯೋಗವೊಂದಿದೆ. ತಪ್ಪಿಸಿಕೊಳ್ಳಲಾಗದಂತೆ ಕಟ್ಟಿ ನಾಯಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟರು. ಬಳಿಕ, ತಗ್ಗಾದ ಅಡ್ಡಗೋಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಅವುಗಳಲ್ಲಿ ಬಹುಪಾಲು ನಾಯಿಗಳು ಹಾರಲೇ ಇಲ್ಲ, ಬಿದ್ದುಕೊಂಡು ನೋವುಂಡವು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಹಳೆಯ ವಿವರಣೆಯನ್ನು ತಿದ್ದಿಕೊಂಡರು: ಬಹುಕಾಲದ ಸಂಕಟದಲ್ಲಿ ಕೈಚೆಲ್ಲುವುದು ಜೀವಿಯ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ, ಕಲಿಯಬೇಕಾದದ್ದು 'ನನ್ನ ಕೈಯಲ್ಲೂ ಏನೋ ಇದೆ' ಎಂಬುದನ್ನು. ಈ ತಿಳಿವಿಗೆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ನಾವು ಮರೆಯಬಾರದು.

ಆ ವೈದ್ಯರು ಹೇಳಿಕೊಟ್ಟ ಕ್ರಮ ಸರಳ, ಆದರೆ ನಿಧಾನದ್ದು. ಮೊದಲ ದಿನ ಕತ್ತರಿಯನ್ನು ತೋರಿಸಿ ಪನೀರಿನ ಚೂರು ಕೊಡುವುದು, ಅಷ್ಟೇ. ಕತ್ತರಿ ಕಂಡರೆ ಬಾಲ ಆಡಿಸುವಂತಾದ ಮೇಲೆ ಪಾದ ಮುಟ್ಟುವುದು, ಚೂರು ಕೊಡುವುದು. ಮುಂದೆ ಒಂದೇ ಒಂದು ಉಗುರು. ಮಡಿಸಿದ ಟವೆಲಿನ ಮೇಲೆ ಗದ್ದ ಊರುವುದನ್ನು ಅವನಿಗೆ ಕಲಿಸಿದೆವು. ಗದ್ದ ಊರಿದ್ದರೆ ಕೆಲಸ ಮುಂದುವರಿಯುತ್ತದೆ; ಎತ್ತಿದರೆ ಆ ಕ್ಷಣವೇ ಕತ್ತರಿ ಕೆಳಗೆ. ಚಿರಾಗ್ ಪಟೇಲ್ ಎಂಬ ತರಬೇತುದಾರರು ಬಳಕೆಗೆ ತಂದ 'ಬಕೆಟ್ ಆಟ'ದ ಮರ್ಮವೂ ಇದೇ: ತಿನಿಸಿನ ಬಕೆಟಿನ ಮೇಲೆ ನಾಯಿಯ ದೃಷ್ಟಿ ಇರುವ ತನಕ ಕೈಯಾಡಿಸಬಹುದು, ದೃಷ್ಟಿ ತಿರುಗಿದರೆ ನಿಲ್ಲಿಸಬೇಕು. ವಿಚಿತ್ರವೆಂದರೆ, ಬೇಡವೆನ್ನುವ ದಾರಿ ತೆರೆದ ಮೇಲೆ ಕರಿಯ ಬೇಡವೆನ್ನುವುದೇ ಕಡಿಮೆಯಾಯಿತು.

ಇದು ಲಂಚವಲ್ಲವೇ ಎಂದು ಗೆಳೆಯರೊಬ್ಬರು ಹಾಸ್ಯ ಮಾಡಿದರು. ಹಸಿದ ನಾಯಿಗೆ ಹೀಗೆ ಮಾಡಿದರೆ ಲಂಚಕ್ಕಿಂತಲೂ ಹೀನವೇ ಸರಿ. ಹೊಟ್ಟೆ ತುಂಬಿದ, ಬಾಗಿಲು ತೆರೆದಿರುವ, ಎದ್ದು ಹೋದರೂ ಬೈಗುಳ ಕೇಳದ ನಾಯಿ ತಾನಾಗಿ ಬಂದು ಗದ್ದ ಊರಿದರೆ ಅದಕ್ಕೆ ಲಂಚವೆನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಳೆದ ಮಳೆಗಾಲದಲ್ಲಿ ಕರಿಯನ ಪಾದಕ್ಕೆ ಗಾಜು ಹೊಕ್ಕಿತು. ರಕ್ತ ಸುರಿಯುತ್ತಿತ್ತು, ಒಪ್ಪಿಗೆ ಕೇಳುವ ವ್ಯವಧಾನವಿರಲಿಲ್ಲ. ಬಾಯಿ ಕಟ್ಟಿ, ಅದುಮಿ ಹಿಡಿದು ಹೊಲಿಗೆ ಹಾಕಿಸಿದೆವು. ಬೇಕಾದಾಗ ಕಿತ್ತುಕೊಳ್ಳಬಹುದಾದ ಸ್ವಾತಂತ್ರ್ಯವನ್ನು ಕೊಟ್ಟು ಪ್ರಯೋಜನವೇನು? ನಾನು ಬಹಳ ಯೋಚಿಸಿದೆ. ಬಲಪ್ರಯೋಗ ಅನಿವಾರ್ಯವಾಗುವ ಗಳಿಗೆಗಳು ಇವೆ, ನಿಜ. ಆದರೆ ಆಗ ಅದನ್ನು ಬಲಪ್ರಯೋಗವೆಂದೇ ಕರೆಯಬೇಕು. ಅವನ ಸುಮ್ಮನಿರುವಿಕೆಗೆ ಒಪ್ಪಿಗೆಯ ಹೆಸರಿಟ್ಟು ನಮ್ಮ ಮನಸ್ಸಾಕ್ಷಿಯನ್ನು ಮಲಗಿಸಬಾರದು. ಅನಿವಾರ್ಯವಲ್ಲದ ದಿನಗಳಲ್ಲಿ ನಾವು ಕೂಡಿಟ್ಟ ವಿಶ್ವಾಸವೇ ಅಂಥ ದಿನದ ಇಡುಗಂಟು. ಗಾಯ ಮಾಗಿದ ಮೇಲೂ ಎರಡು ವಾರ ಕರಿಯ ಟವೆಲಿನ ಹತ್ತಿರ ಸುಳಿಯಲಿಲ್ಲ. ಆಮೇಲೊಂದು ಸಂಜೆ ತಾನಾಗಿಯೇ ಬಂದ. ಇಡುಗಂಟು ಪೂರ್ತಿ ಕರಗಿರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಕರಿಯನೊಬ್ಬನೇ ಅಲ್ಲ. ನನ್ನ ತಂದೆಯವರು ಕೊನೆಯ ಎಂಟು ತಿಂಗಳು ಇದೇ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಚೇರಿಗೆ ಹೊರಡುವ ಅವಸರದಲ್ಲಿ ನಾನೇ ಮೈ ಒರೆಸುತ್ತಿದ್ದೆ, ಗಡ್ಡ ಹೆರೆಯುತ್ತಿದ್ದೆ, ಮಗ್ಗುಲು ತಿರುಗಿಸುತ್ತಿದ್ದೆ. ಮೊದಮೊದಲು ಅವರು "ತಡಿಯೋ, ಸ್ವಲ್ಪ ತಡಿ" ಎನ್ನುತ್ತಿದ್ದರು. ನನಗೆ ಲೋಕಲ್ ಗಾಡಿ ತಪ್ಪುವ ಚಿಂತೆ. ಬರಬರುತ್ತಾ ಅವರು ಏನೂ ಅನ್ನದಾದರು. 'ಅಪ್ಪ ಎಷ್ಟು ಸಮಾಧಾನಿ' ಎಂದು ನೆಂಟರೊಡನೆ ಹೇಳಿಕೊಂಡು ನಾನು ಹೆಮ್ಮೆಪಟ್ಟೆ. ಸೇವೆಯಲ್ಲಿ ಕೊರತೆ ಮಾಡಲಿಲ್ಲ, ನಿಜ. ಆದರೆ ಅವರ ಮುಖವನ್ನು ನಾನು ಓದಿದ್ದೆನೇ?

ಮೂಕನ ಮಾತನ್ನು ಕೇಳಲು ನನಗೆ ಕಲಿಸಿದ್ದು ಒಂದು ನಾಯಿ. ಪಾಠ ತಡವಾಗಿ ಬಂತು. ಮನೆಯಲ್ಲಿ ಹಸುಳೆಯೋ, ಹಿರಿಯರೋ, ಕಾಯಿಲೆಯವರೋ ಇರುವ ಓದುಗರಿಗಾದರೂ ಅದು ಸಕಾಲಕ್ಕೆ ಒದಗಲಿ. ಕೈ ಮುಂದೆ ಚಾಚುವ ಮೊದಲು ಒಂದು ಗಳಿಗೆ ತಡೆದು ನೋಡಿದರೆ ಗಾಡಿ ತಪ್ಪಬಹುದು. ಇನ್ನೊಂದು ಗಾಡಿ ಬಂದೇ ಬರುತ್ತದೆ.