ಒಂದು ‘ರಿ’ಯ ಅಂತರ

ಕೊಡಂಬಲದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕೂತು ಸುಮ್ಮನೆ ಕಿವಿಗೊಟ್ಟರೆ ಸಾಕು. ಇಸ್ತ್ರಿ ಅಂಗಿಯವರಿಗೆ “ಎಲ್ಲಿಗಿ ಹೊಂಟೀರಿ?” ಎಂಬ ಕಂಡಕ್ಟರನ ಪ್ರಶ್ನೆ. ತೊಗರಿ ಹೊಲದ ಮಣ್ಣು ಇನ್ನೂ ಕಾಲಿಗೆ ಮೆತ್ತಿಕೊಂಡಿರುವ ಮುದುಕನಿಗೆ “ಎಲ್ಲಿಗಿ ಹೊಂಟಿ?” ಇದರಲ್ಲಿ ಬೈಗುಳವಿಲ್ಲ, ಸಿಟ್ಟೂ ಇಲ್ಲ. ಕಣ್ಣು ಬಟ್ಟೆ ನೋಡಿತು, ನಾಲಿಗೆ ತೀರ್ಪು ಕೊಟ್ಟಿತು. ಟಿಕೆಟು ಹರಿದದ್ದು ಆಮೇಲೆ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಪುಟ್ಟ ಪತ್ರಿಕೆಯೊಂದಿದೆ, ಐದೇ ಅಧ್ಯಾಯ. ಅದರ 2ನೇ ಅಧ್ಯಾಯದಲ್ಲಿ ಇಬ್ಬರು ಸಭೆಗೆ ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಇನ್ನೊಬ್ಬನ ಮೈಮೇಲೆ ಕೊಳೆ ಬಟ್ಟೆ. ಉಂಗುರದವನಿಗೆ ಒಳ್ಳೆಯ ಆಸನ ಸಿಗುತ್ತದೆ; ಬಡವನಿಗೆ ನಿಲ್ಲು, ಇಲ್ಲವೇ ಕಾಲ ಬಳಿ ಕೂಡು ಎಂಬ ಅಪ್ಪಣೆ. ಮುಂದಿನ ಅಧ್ಯಾಯವೇ ನಾಲಿಗೆಯದು: ದೇವರನ್ನು ಹೊಗಳುವ ಬಾಯಿಯೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸುವುದನ್ನು ಕಂಡು ಯಾಕೋಬ ನೋಯುತ್ತಾನೆ. ಈ ಎರಡನ್ನೂ ಬೇರೆ ಬೇರೆ ಪಾಠವೆಂದು ಓದುವುದುಂಟು. ಕನ್ನಡದ ಬಾಯಿಗೆ ಮಾತ್ರ ಇವೆರಡೂ ಒಂದೇ ಪಾಠ.

ಏಕೆಂದರೆ ಮೂಲದ ಗ್ರೀಕ್ ಭಾಷೆಯಲ್ಲಿ ಉಂಗುರದವನಿಗೂ ಬಡವನಿಗೂ ಒಂದೇ ಸರ್ವನಾಮ. ಅಲ್ಲಿ ತಾರತಮ್ಯ ಇರುವುದು ಆಸನದಲ್ಲಿ. ಅದೇ ಕಥೆಯನ್ನು ಹುಮನಾಬಾದಿನ ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಹೇಳಲಿ; ಸಾಹುಕಾರನಿಗೆ ‘ಬರ್ರಿ’, ಬಡವನಿಗೆ ‘ನಿಂದ್ರು’ ಎಂದು ತಾನಾಗಿಯೇ ಬಂದುಬಿಡುತ್ತದೆ. ಆಸನ ತೋರಿಸುವ ಮೊದಲೇ ಭೇದ ಮುಗಿದಿರುತ್ತದೆ.

ಏಕವಚನವೇ ತಪ್ಪೆಂದಲ್ಲ. ತಾಯಿಗೂ ‘ನೀ’, ಪ್ರಾರ್ಥನೆಯಲ್ಲಿ ದೇವರಿಗೂ ‘ನೀನು’. ಸಲುಗೆಯ ಏಕವಚನ ಪ್ರೀತಿಯಿಂದ ಬರುತ್ತದೆ. ಹರಕು ಅಂಗಿ ನೋಡಿ ಬರುವ ಏಕವಚನದ ಹುಟ್ಟೇ ಬೇರೆ.

ಈ ಸೀಮೆಗೆ ಇದು ಹೊಸ ಚಿಂತೆಯೂ ಅಲ್ಲ. ಪಕ್ಕದ ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯಿದೆ. 12ನೇ ಶತಮಾನದ ಸಮಗಾರ ಹರಳಯ್ಯ ಒಮ್ಮೆ ಬಸವಣ್ಣನಿಗೆ ‘ಶರಣು’ ಎಂದನಂತೆ. ರಾಜ್ಯದ ಮಂತ್ರಿ, ಎದುರಿಗೆ ಚಪ್ಪಲಿ ಹೊಲಿಯುವವನು. ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಒಂದಕ್ಕೆ ಎರಡು ಮರಳಿಸಿದ. ಆ ಹೆಚ್ಚಿನ ಒಂದು ಮಾತು ಹರಳಯ್ಯನಿಗೆ ಋಣವಾಗಿ ಕಂಡಿತು. ಅದನ್ನು ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಹೊಲಿದರೆಂದು ಜನ ಇಂದಿಗೂ ಹೇಳುತ್ತಾರೆ. ಮರ್ಯಾದೆಯ ಮಾತನ್ನೇ ಕಾಣದೆ ಬದುಕಿದವನಿಗೆ ಒಂದು ಶಬ್ದ ಎಷ್ಟು ಭಾರ ತೂಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ಸಿಗುವುದು ಕಷ್ಟ.

ನಿಜಾಮರ ಆಳ್ವಿಕೆಯಲ್ಲಿ ಬೀದರ ಸೀಮೆಗೆ ಮೆಥೋಡಿಸ್ಟ್ ಮಿಷನರಿಗಳು ಬಂದಾಗ ಸಭೆ ಸೇರಿದವರಲ್ಲಿ ಬಹಳಷ್ಟು ಮಂದಿ ದಲಿತ ಕೇರಿಗಳ ಜನ. ಊರು ಅವರ ಹೆಸರನ್ನೂ ಪೂರ್ತಿ ಕರೆಯುತ್ತಿರಲಿಲ್ಲ. ಎಪ್ಪತ್ತರ ಯಲ್ಲಪ್ಪನೂ ‘ಯಲ್ಲ್ಯಾ’, ಕರೆಯುವವನು ಹತ್ತು ವರ್ಷದ ಹುಡುಗನಾದರೂ. ಅಂಥವರ ಮೊಮ್ಮಕ್ಕಳು ಇಂದು ಭಾನುವಾರ ಎದ್ದು ನಿಂತು ಯಾಕೋಬನ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಓದಿ ಹೊರಬಂದ ಮೇಲೆ, ಗೇಟಿನ ಬಳಿ ಕಸ ಗುಡಿಸುವ ಹೆಂಗಸನ್ನು ಏನೆಂದು ಕರೆಯುತ್ತಾರೆ? ಪರೀಕ್ಷೆ ಇರುವುದು ಅಲ್ಲಿ, ಚಪ್ಪಲಿ ಮೆಟ್ಟಿಕೊಳ್ಳುವ ಆ ಅರೆಗಳಿಗೆಯಲ್ಲಿ.

ಬಸ್ಸಿನಲ್ಲಿ ಮುದುಕ ಇನ್ನೂ ಕಂಬ ಹಿಡಿದು ನಿಂತಿದ್ದಾನೆ. ಕಾಲೇಜಿನ ಹುಡುಗಿಯೊಬ್ಬಳು ಬ್ಯಾಗು ಎತ್ತಿಕೊಂಡು ಜಾಗ ಬಿಡುತ್ತಾಳೆ: “ಬರ್ರಿ ಮುತ್ಯಾ, ಕೂಡ್ರಿ.” ಆತ ತನಗಲ್ಲವೆಂದುಕೊಂಡು ಮೊದಲು ಹಿಂದಕ್ಕೆ ತಿರುಗಿ ನೋಡುತ್ತಾನೆ.