ಪರದೇಶದ ಪೇಟೆಯಲ್ಲಿ ಕಲಿಯುವುದೆಂದರೆ

ಹೊರದೇಶದಲ್ಲಿ ವ್ಯಾಪಾರ ಮಾಡುವ ತಂತ್ರವನ್ನು ತರಗತಿಯಲ್ಲಿ ಕಲಿಸಬಹುದೇ? ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಠ್ಯಕ್ರಮ ಹೌದೆಂಬ ನಂಬಿಕೆಯ ಮೇಲೆಯೇ ನಿಂತಿದೆ. ಮಾರುಕಟ್ಟೆ ಎಷ್ಟು ದೊಡ್ಡದೆಂದು ಅಳೆಯಿರಿ, ಎದುರಾಳಿಗಳನ್ನು ಪಟ್ಟಿ ಮಾಡಿ, ಯೋಜನೆ ಬರೆಯಿರಿ, ಆಮೇಲೆ ಕೆಲಸಕ್ಕೆ ಇಳಿಯಿರಿ ಎನ್ನುತ್ತದೆ ಅದು. ತಿಳಿವು ಮೊದಲು, ಕೆಲಸ ನಂತರ ಎಂಬುದು ಇದರ ತಾತ್ಪರ್ಯ. ಗಡಿಯಾಚೆಗಿನ ವ್ಯಾಪಾರದಲ್ಲಿ ತಿಳಿವಿನ ಬಹುಪಾಲು ಕೆಲಸದ ನಡುವೆಯೇ ಹುಟ್ಟುತ್ತದೆ ಎಂಬುದು ನನ್ನ ವಾದ. ಆದರೆ ಕೆಲಸ ಮಾಡಿದವರಿಗೆಲ್ಲ ಅದು ದಕ್ಕುವುದಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

1959ರಲ್ಲಿ ಜಪಾನಿನ ಹೋಂಡಾ ಕಂಪನಿ ಲಾಸ್ ಏಂಜಲೀಸ್‌ನಲ್ಲಿ ಕಚೇರಿ ತೆರೆಯಿತು. ಕಿಹಾಚಿರೋ ಕವಾಶಿಮಾ ಅದರ ಮುಖ್ಯಸ್ಥ. ವಿದೇಶಿ ವಿನಿಮಯದ ಕೊರತೆಯಲ್ಲಿದ್ದ ಜಪಾನ್ ಸರ್ಕಾರ ಮಂಜೂರು ಮಾಡಿದ್ದು ಎರಡೂವರೆ ಲಕ್ಷ ಡಾಲರ್. ಅದರಲ್ಲೂ ನಗದು 1,10,000 ಮಾತ್ರ. ಅಮೆರಿಕದವರಿಗೆ ಒಪ್ಪುವುದು ದೊಡ್ಡ ಬೈಕು ಎಂದು ಅವರು 250 ಮತ್ತು 305 ಸಿಸಿ ಗಾಡಿಗಳನ್ನೇ ನೆಚ್ಚಿದ್ದರು. ಮರುವರ್ಷದ ಏಪ್ರಿಲ್ ಹೊತ್ತಿಗೆ ಆ ಗಾಡಿಗಳು ದಾರಿಯಲ್ಲೇ ಕೆಟ್ಟು ನಿಲ್ಲತೊಡಗಿದವು. ಆಯಿಲ್ ಸೋರಿತು, ಕ್ಲಚ್ ಸೋತಿತು. ಅಮೆರಿಕದ ಜನ ಜಪಾನೀಯರಿಗಿಂತ ಹೆಚ್ಚು ದೂರ, ಹೆಚ್ಚು ವೇಗವಾಗಿ ಓಡಿಸುತ್ತಾರೆ ಎಂಬ ಸಂಗತಿ ತಿಳಿದದ್ದೇ ಆಗ. ಕೆಟ್ಟ ಬೈಕುಗಳನ್ನು ವಿಮಾನದಲ್ಲಿ ತವರಿಗೆ ಕಳಿಸಿ, ಸುಮಾರು ಒಂದು ತಿಂಗಳಲ್ಲಿ ಹೆಡ್ ಗ್ಯಾಸ್ಕೆಟ್ಟನ್ನೂ ಕ್ಲಚ್ ಸ್ಪ್ರಿಂಗನ್ನೂ ಹೊಸದಾಗಿ ರೂಪಿಸಿದರು. ಇತ್ತ ಸಿಬ್ಬಂದಿ ಊರೊಳಗಿನ ಓಡಾಟಕ್ಕೆ 50 ಸಿಸಿಯ ಸೂಪರ್ ಕಬ್ ಬಳಸುತ್ತಿದ್ದರು. ಅದು ಜನರ ಕಣ್ಣಿಗೆ ಬಿತ್ತು. ಸಿಯರ್ಸ್ ಎಂಬ ಚಿಲ್ಲರೆ ಮಾರಾಟ ಕಂಪನಿಯ ಖರೀದಿದಾರನೊಬ್ಬ ಫೋನು ಮಾಡಿ ವಿಚಾರಿಸಿದ. ಸಣ್ಣ ಗಾಡಿ ಮಾರಿದರೆ ಹೆಸರಿಗೆ ಕುಂದು ಎಂದು ಅಳುಕಿದ್ದ ತಂಡ, ದೊಡ್ಡ ಗಾಡಿ ಕೈಕೊಟ್ಟಾಗ ಅದನ್ನೇ ಮುಂದಕ್ಕೆ ತಂದಿತು. ಅದನ್ನು ಮಾರಲು ಮುಂದೆ ಬಂದವರು ಕ್ರೀಡಾ ಸಾಮಗ್ರಿಯ ಅಂಗಡಿಯವರು. 1964ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೆಚ್ಚುಕಡಿಮೆ ಪ್ರತಿ ಎರಡು ಬೈಕುಗಳಲ್ಲಿ ಒಂದು ಹೋಂಡಾ ಆಗಿತ್ತು.

ಈ ಗೆಲುವಿಗೆ ಎರಡು ವ್ಯಾಖ್ಯಾನಗಳು ಬಂದವು. 1975ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಇದನ್ನು ಭಾರೀ ಉತ್ಪಾದನೆ ಮತ್ತು ಕಡಿಮೆ ವೆಚ್ಚದ ಲೆಕ್ಕಾಚಾರದಲ್ಲಿ ವಿವರಿಸಿತು. ಕವಾಶಿಮಾ ಮತ್ತು ಸಂಗಡಿಗರನ್ನೇ ಭೇಟಿಯಾಗಿ ಕೇಳಿದ ಮ್ಯಾನೇಜ್‌ಮೆಂಟ್ ವಿದ್ವಾಂಸ ರಿಚರ್ಡ್ ಪ್ಯಾಸ್ಕೇಲ್ 1984ರಲ್ಲಿ ಮೇಲಿನ ಕತೆಯನ್ನು ಮುಂದಿಟ್ಟರು. ಕೆನಡಾದ ಚಿಂತಕ ಹೆನ್ರಿ ಮಿಂಟ್ಸ್‌ಬರ್ಗ್ ಅದನ್ನು ಎತ್ತಿಕೊಂಡು, ತಂತ್ರವೆಂಬುದು ಕಲಿಯುತ್ತ ಕಲಿಯುತ್ತ ರೂಪುಗೊಳ್ಳುತ್ತದೆ ಎಂದು ವಾದಿಸಿದರು. ನಾನು ಮಿಂಟ್ಸ್‌ಬರ್ಗ್ ಪಕ್ಷದವನೇ. ಆದರೂ ಮೊದಲ ವ್ಯಾಖ್ಯಾನವನ್ನು ತಳ್ಳಿಹಾಕಲಾರೆ. 1960ರಲ್ಲಿ ಸುಜುಕಾದ ದೊಡ್ಡ ಕಾರ್ಖಾನೆ ಶುರುವಾಗಿರದಿದ್ದರೆ, ಒಂದು ತಿಂಗಳಲ್ಲಿ ದೋಷ ತಿದ್ದುವ ಎಂಜಿನಿಯರುಗಳು ಇರದಿದ್ದರೆ, ಸಿಯರ್ಸ್‌ನ ಆ ಫೋನು ಬಂದೂ ಫಲವಿರುತ್ತಿರಲಿಲ್ಲ.

ಹಾಗಾದರೆ ಅಮೆರಿಕದ ಪೇಟೆಯ ಅರಿವನ್ನು ಹೋಂಡಾಗೆ ಮೊದಲೇ ಓದಿ ಪಡೆಯಲು ಏಕಾಗಲಿಲ್ಲ? ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರಾದ ಯೋಹಾನ್ಸನ್ ಮತ್ತು ವಾಲ್ನೆ 1977ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಅಂಕಿಅಂಶ, ಕಾನೂನು, ಸುಂಕದ ದರ ಇವನ್ನು ಒಬ್ಬರಿಂದ ಒಬ್ಬರಿಗೆ ಹೇಳಿಕೊಡಬಹುದು. ಒಂದು ಪೇಟೆಯಲ್ಲಿ ಯಾವುದು ಅವಕಾಶ, ಯಾವುದು ಅಪಾಯ ಎಂಬ ಗ್ರಹಿಕೆ ಅಲ್ಲಿ ವ್ಯವಹರಿಸಿದವರಿಗೆ ಮಾತ್ರ ಬರುತ್ತದೆ. ಕಂಪನಿಗಳು ಹೊರಗೆ ಹಂತಹಂತವಾಗಿ ಬೆಳೆಯುವುದು ಇದೇ ಕಾರಣಕ್ಕೆ: ಸ್ವಲ್ಪ ತೊಡಗುತ್ತವೆ, ಸ್ವಲ್ಪ ಅರಿಯುತ್ತವೆ, ಆ ಅರಿವಿನ ಬಲದ ಮೇಲೆ ಇನ್ನಷ್ಟು ತೊಡಗುತ್ತವೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಅನುಭವವೇ ಗುರುವಾಗಿದ್ದರೆ ವಾಲ್‌ಮಾರ್ಟ್ ಜರ್ಮನಿಯಲ್ಲಿ ಸೋಲಬಾರದಿತ್ತು. 1997ರಲ್ಲಿ ಅಲ್ಲಿಗೆ ಕಾಲಿಟ್ಟಾಗ ಅದರಷ್ಟು ಅನುಭವಿಯಾದ ಚಿಲ್ಲರೆ ವ್ಯಾಪಾರಿ ಜಗತ್ತಿನಲ್ಲಿ ಅಪರೂಪ. ಆದರೆ ಆ ಅನುಭವವೇ ಕಣ್ಣಿಗೆ ಪೊರೆಯಾಯಿತು. ಗ್ರಾಹಕರನ್ನು ನಗುತ್ತ ಸ್ವಾಗತಿಸುವ ಅಮೆರಿಕದ ಪದ್ಧತಿ ಜರ್ಮನರಿಗೆ ಮುಜುಗರ ತಂದಿತು. ಅಲ್ಡಿ, ಲಿಡ್ಲ್ ಮಳಿಗೆಗಳು ಅಗ್ಗದ ಬೆಲೆಯಲ್ಲಿ ಆಗಲೇ ಬೇರೂರಿದ್ದವು. ನೌಕರರ ಹಕ್ಕಿನ ಪ್ರಶ್ನೆಗಳು ಕೋರ್ಟಿಗೆ ಹೋದವು. 2006ರಲ್ಲಿ ಕಂಪನಿ ತನ್ನ 85 ಮಳಿಗೆಗಳನ್ನು ಮೆಟ್ರೋ ಕಂಪನಿಗೆ ಮಾರಿ ಹೊರನಡೆಯಿತು.

ಈ ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟರೆ, ಮಾಡಿ ಕಲಿಯಲು ಬೇಕಾದ ಎರಡು ಷರತ್ತುಗಳು ಹೊಳೆಯುತ್ತವೆ. ತಪ್ಪು ತಾಳಿಕೊಳ್ಳುವಷ್ಟು ಸಣ್ಣದಿರಬೇಕು. ಹೋಂಡಾದ ಪಣ ಸಣ್ಣದಿತ್ತು, ವಾಲ್‌ಮಾರ್ಟ್ ಮಳಿಗೆಗಳ ಸರಪಳಿಗಳನ್ನೇ ಕೊಂಡುಕೊಂಡು ಶುರುಮಾಡಿತ್ತು. ಎರಡನೆಯದು, ಎದುರಿಗೆ ಕಂಡದ್ದಕ್ಕೆ ಮಣಿದು ತನ್ನ ನಂಬಿಕೆಯನ್ನು ಬಿಟ್ಟುಕೊಡುವ ವಿನಯ. ಇದು ಬುದ್ಧಿಗಿಂತ ಹೆಚ್ಚಾಗಿ ಗುಣಕ್ಕೆ ಸೇರಿದ ಮಾತು. ಎಷ್ಟು ವರ್ಷ ದುಡಿದರೂ ತಿದ್ದಿಕೊಳ್ಳದವನ ಪಾಲಿಗೆ ಅನುಭವ ಬರೀ ವಯಸ್ಸು.

ನಮ್ಮ ಕಾಫಿ ಬೆಳೆಗಾರರೂ ಈ ಪಾಠವನ್ನು ಬೆಲೆ ತೆತ್ತು ಕಲಿತವರು. ದಶಕಗಳ ಕಾಲ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ (ಪೂಲ್‌ಗೆ) ಹೋಗುತ್ತಿತ್ತು. ಮಾರುವ ಚಿಂತೆ ಮಂಡಳಿಯದಾಗಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಕಳಚಿತು. ರೋಬಸ್ಟಾದ ಬೆಲೆ ಲಂಡನ್ನಿನಲ್ಲೂ ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲೂ ತೀರ್ಮಾನವಾಗುತ್ತದೆ ಎಂಬುದು ಆಗ ಬೆಳೆಗಾರನ ದಿನದ ಚಿಂತೆಯಾಯಿತು. 1994ರಲ್ಲಿ ಕಡುಚಳಿಗೆ ಬ್ರೆಜಿಲ್‌ನ ತೋಟಗಳು ಸುಟ್ಟಾಗ ಇಲ್ಲಿ ಬೆಲೆ ಏರಿತು. ಹೊಸ ಶತಮಾನದ ಆರಂಭದಲ್ಲಿ ಜಗತ್ತಿನ ಬೆಲೆ ಕುಸಿದಾಗ ಇಲ್ಲಿನ ಮನೆಗಳು ಸಾಲಕ್ಕೆ ಬಿದ್ದವು. ಪಾರ್ಚ್‌ಮೆಂಟನ್ನು, ಅಂದರೆ ತಿರುಳು ತೆಗೆದು ಒಣಗಿಸಿದ ಕಾಫಿ ಬೀಜವನ್ನು, ಯಾವಾಗ ಮಾರಬೇಕು, ಯಾವಾಗ ಗೋದಾಮಿನಲ್ಲಿ ಇಡಬೇಕು ಎಂಬ ವಿವೇಕ ಬಂದದ್ದು ಹೀಗೆ. ಪಾಠ ಕಲಿತರು ನಿಜ, ಆದರೆ ಪಣ ದೊಡ್ಡದಿದ್ದ ಕಾರಣ ಕೆಲವರು ಕಲಿಯುವ ಮೊದಲೇ ಸೋತರು.

ಅದಕ್ಕೇ ಸಣ್ಣ ಪಣದ ನಿಜ ವ್ಯವಹಾರವನ್ನು ಒದಗಿಸುವುದು ಕಾಲೇಜುಗಳ ಹೊಣೆ ಎನ್ನುತ್ತೇನೆ. ಎಂಬಿಎ ವಿದ್ಯಾರ್ಥಿಗಳ ಒಂದೊಂದು ಗುಂಪೂ ಓದು ಮುಗಿಯುವುದರೊಳಗೆ ಒಂದು ಸಣ್ಣ ಸರಕನ್ನಾದರೂ, ಚನ್ನಪಟ್ಟಣದ ಗೊಂಬೆಯಾಗಲಿ, ತೋಟದ ಮೆಣಸಾಗಲಿ, ಹೊರದೇಶದ ನಿಜವಾದ ಗಿರಾಕಿಗೆ ಕಳಿಸಲಿ. ಶಿಪ್ಪಿಂಗ್ ಬಿಲ್ ತುಂಬಲಿ, ಕಸ್ಟಮ್ಸ್‌ನ ಪ್ರಶ್ನೆಗೆ ಉತ್ತರಿಸಲಿ, ಹಣ ಬರುವವರೆಗೆ ಕಾಯಲಿ. ತಪ್ಪಿದರೆ ಏಕೆ ತಪ್ಪಿತೆಂದು ಬರೆದು, ಸಿದ್ಧಾಂತದ ಪುಸ್ತಕವನ್ನು ಮತ್ತೆ ತೆರೆಯಲಿ. ಪುಸ್ತಕದ ಪ್ರಶ್ನೆಗಳು ಅವರ ಸ್ವಂತ ಪ್ರಶ್ನೆಗಳಾಗುವುದು ಆಗಲೇ. ಅಂಥ ಒಂದು ವ್ಯವಹಾರವನ್ನೂ ಮಾಡಿಸದೆ ಅಂತರರಾಷ್ಟ್ರೀಯ ವ್ಯಾಪಾರದ ಪದವಿ ಕೊಡುವುದನ್ನು ನಮ್ಮ ವಿಶ್ವವಿದ್ಯಾಲಯಗಳು ನಿಲ್ಲಿಸಬೇಕು.